ಕಾಯುವ ಯಂತ್ರಗಳೂ ತಪ್ಪಿಹೋದ ಕರೆಯೂ

ಗಣಕಯಂತ್ರದ ವಿಚಾರವಾಗಿ ಬರೆಯುವವರೆಲ್ಲರೂ ಅದರ ವೇಗವನ್ನು ಹೊಗಳುತ್ತಾರೆ. ಒಂದು ಸೆಕೆಂಡಿನಲ್ಲಿ ಅದು ನೂರಾರು ಕೋಟಿ ಎಣಿಕೆಗಳನ್ನು ಮಾಡಬಲ್ಲುದೆಂಬುದು ಇಂದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ತಿಳಿದ ಮಾತು. ಆದರೆ ಇಷ್ಟು ವೇಗಶಾಲಿಯಾದ ಯಂತ್ರದೊಳಗೆ ನಡೆಯುವ ಕೆಲಸಗಳಲ್ಲಿ ಅನೇಕವು ತಮ್ಮ ಕಾಲದ ಬಹುಭಾಗವನ್ನು ಕಾಯುವುದರಲ್ಲಿಯೇ ಕಳೆಯುತ್ತವೆ. ತಟ್ಟೆಯಿಂದ ಮಾಹಿತಿ ಬರಲೆಂದು ಕಾಯುವುದು, ತಂತಿಯ ಮೂಲಕ ಉತ್ತರ ಬರಲೆಂದು ಕಾಯುವುದು, ಇನ್ನೊಂದು ಕೆಲಸ ಮುಗಿಯಲೆಂದು ಕಾಯುವುದು, ಇವೇ ಅವುಗಳ ದಿನಚರಿ. ಕಾಯುವುದೂ ಒಂದು ಕೆಲಸವೇ. ಅದನ್ನು ಸರಿಯಾಗಿಯೂ ಮಾಡಬಹುದು, ತಪ್ಪಾಗಿಯೂ ಮಾಡಬಹುದು. ಈ ವಿದ್ಯೆಗೆ ನಮ್ಮ ಪಾಠಗಳಲ್ಲಿ ದೊರೆಯಬೇಕಾದ ಸ್ಥಾನ ದೊರೆತಿಲ್ಲವೆಂಬುದು ನಮ್ಮ ಅಭಿಪ್ರಾಯ. ಆ ಅಭಿಪ್ರಾಯಕ್ಕೆ ಆಧಾರವಾಗಿ, ಡೇಟಾಬೇಸುಗಳು ತಮ್ಮ ನಕಲುಗಳಿಗಾಗಿ ಕಾಯುವ ಒಂದೇ ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸೋಣ.

ಬ್ಯಾಂಕಿನ ಲೆಕ್ಕಗಳಂತಹ ಮಹತ್ವದ ಮಾಹಿತಿಯನ್ನು ಒಂದೇ ಯಂತ್ರದಲ್ಲಿ ಇಡುವುದು ವಿವೇಕವಲ್ಲ. ಆ ಯಂತ್ರ ಕೆಟ್ಟರೆ ಲೆಕ್ಕವೆಲ್ಲವೂ ಹೋದಂತೆಯೇ. ಆದುದರಿಂದ ಮುಖ್ಯ ಯಂತ್ರದಲ್ಲಿ ಬರೆದುದೆಲ್ಲವನ್ನೂ ದೂರದ ಊರಿನಲ್ಲಿರುವ ಇನ್ನೊಂದು ಯಂತ್ರದಲ್ಲಿ ನಕಲುಮಾಡುತ್ತಾರೆ. ಇದಕ್ಕೆ ರೆಪ್ಲಿಕೇಷನ್ ಎಂದು ಹೆಸರು. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ಡೇಟಾಬೇಸನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು 1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಆರಂಭವಾಯಿತು. 1996ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರನ್ನು ಪಡೆಯಿತು. ಇಂದು ಲೋಕದ ಎಲ್ಲ ಕಡೆಯ ಕೆಲಸಗಾರರು ಕೂಡಿ ಅದನ್ನು ಬೆಳೆಸುತ್ತಿದ್ದಾರೆ. ಇದರಲ್ಲಿ ಯಾವ ಬದಲಾವಣೆಯನ್ನು ಮಾಡಿದರೂ ಅದನ್ನು ಮೊದಲು ಒಂದು ದಿನಚರಿ ಪುಸ್ತಕದಲ್ಲಿ ಬರೆಯಲಾಗುತ್ತದೆ. ಆ ದಿನಚರಿಯ ಪ್ರತಿಯೊಂದು ಸ್ಥಾನಕ್ಕೂ ಏರುತ್ತ ಹೋಗುವ ಒಂದು ಸಂಖ್ಯೆಯುಂಟು. ದಿನಚರಿಯನ್ನು ನಕಲು ಯಂತ್ರಕ್ಕೆ ಹೊಳೆಯಂತೆ ಹರಿಸುವ ಏರ್ಪಾಟು 2010ರಲ್ಲಿ ಬಂದಿತು. ಮರುವರ್ಷ, ಎಂದರೆ 2011ರಲ್ಲಿ, ನಕಲು ಯಂತ್ರದಿಂದ 'ತಲುಪಿತು' ಎಂಬ ಉತ್ತರ ಬರುವವರೆಗೆ ಗ್ರಾಹಕನಿಗೆ 'ಆಯಿತು' ಎಂದು ಹೇಳದೆ ಕಾಯುವ ಏರ್ಪಾಟು ಸೇರಿತು.

ಈ ಕಾಯುವಿಕೆ ಎಷ್ಟು ಹೊತ್ತಿನದು? ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುತ್ತದೆ. ನಕಲು ಯಂತ್ರವು 1000 ಕಿಲೋಮೀಟರು ದೂರದಲ್ಲಿದ್ದರೆ ಹೋಗಲು 5 ಮಿಲಿಸೆಕೆಂಡು, ಬರಲು 5 ಮಿಲಿಸೆಕೆಂಡು, ಒಟ್ಟು 10. ನಮಗೆ ಇದು ರೆಪ್ಪೆ ಬಡಿಯುವಷ್ಟು ಕಾಲವೂ ಅಲ್ಲ. ಆದರೆ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುವ ಯಂತ್ರಕ್ಕೆ ಇದು 3 ಕೋಟಿ ಮಿಡಿತಗಳ ದೀರ್ಘಕಾಲ. ಅಷ್ಟು ಹೊತ್ತು 'ಬಂದಿತೆ, ಬಂದಿತೆ' ಎಂದು ಕೇಳುತ್ತ ಕುಳಿತರೆ ಬೇರೆಯವರ ಕೆಲಸ ಕೆಡುತ್ತದೆ. ಆದುದರಿಂದ ಕಾಯುವ ಕಾರ್ಯವು (ಇದನ್ನು ಪ್ರೊಸೆಸ್ಸು ಎನ್ನುತ್ತಾರೆ) ನಿದ್ರೆಹೋಗುತ್ತದೆ. ಉತ್ತರ ಬಂದಾಗ ಇನ್ನೊಂದು ಪ್ರೊಸೆಸ್ಸು ಅದನ್ನು ಎಬ್ಬಿಸುತ್ತದೆ. ನಕಲು ಯಂತ್ರದಲ್ಲಿಯೂ ಇಂತಹುದೇ ಸಂದರ್ಭ ಬರುತ್ತದೆ: ಮುಖ್ಯ ಯಂತ್ರದಲ್ಲಿ ತಾನು ಬರೆದುದನ್ನು ನಕಲಿನಲ್ಲಿ ಓದಬಯಸುವವನು, ದಿನಚರಿಯು ಅಲ್ಲಿಯೂ ಅದೇ ಸಂಖ್ಯೆಯವರೆಗೆ ಅನ್ವಯವಾಗುವವರೆಗೆ ಕಾಯಬೇಕು, ಇಲ್ಲವಾದರೆ ತಾನು ಈಗತಾನೆ ಕಟ್ಟಿದ ಹಣವೇ ಅವನಿಗೆ ಕಾಣಿಸದೆ ಹೋದೀತು.

ಮಲಗುವವನು ಮತ್ತು ಎಬ್ಬಿಸುವವನು, ಇಷ್ಟೇ ಪಾತ್ರಗಳು. ಇದರಲ್ಲಿ ತಪ್ಪಲು ಏನಿದೆ ಎಂದು ವಾಚಕರು ಕೇಳಬಹುದು. ಒಂದು ದೃಷ್ಟಾಂತದಿಂದ ಇದು ಸ್ಪಷ್ಟವಾಗುತ್ತದೆ.

ರಾತ್ರಿಯ ರೈಲಿನಲ್ಲಿ ಒಬ್ಬ ಪ್ರಯಾಣಿಕನಿದ್ದಾನೆ. ಗಾಡಿ 300ನೆಯ ಮೈಲಿಗಲ್ಲನ್ನು ಮುಟ್ಟಿದೊಡನೆ ಅವನು ಏಳಬೇಕು. ಗಾಡಿಯಲ್ಲಿ ಒಬ್ಬ ಪರಿಚಾರಕನೂ ಇದ್ದಾನೆ. ಅವನ ಬಳಿ ಒಂದು ಪುಸ್ತಕವುಂಟು. ಯಾವ ಬರ್ತಿನವನನ್ನು ಯಾವ ಕಲ್ಲಿನಲ್ಲಿ ಎಬ್ಬಿಸಬೇಕೆಂಬುದನ್ನು ಅದರಲ್ಲಿ ಬರೆಯಬೇಕು. ಗಾಡಿ ಒಂದೊಂದು ಕಲ್ಲನ್ನು ಮುಟ್ಟಿದಾಗಲೂ ಪರಿಚಾರಕನು ಪುಸ್ತಕವನ್ನು ನೋಡಿ, ಅಲ್ಲಿಯವರೆಗಿನ ಕಲ್ಲುಗಳನ್ನು ಹೇಳಿದ್ದವರನ್ನೆಲ್ಲ ಎಬ್ಬಿಸುತ್ತಾನೆ. ಈಗ ನಮ್ಮ ಪ್ರಯಾಣಿಕನು ಕಿಟಕಿಯಿಂದ ನೋಡುತ್ತಾನೆ, 299 ಕಾಣಿಸುತ್ತದೆ. 'ಇನ್ನೂ ಬಂದಿಲ್ಲ' ಎಂದುಕೊಂಡು ಹೆಸರು ಬರೆಯಲು ಎದ್ದು ಹೋಗುತ್ತಾನೆ. ಆ ಅಲ್ಪಕಾಲದಲ್ಲಿ ಗಾಡಿ 300ನ್ನು ಮುಟ್ಟುತ್ತದೆ. ಪರಿಚಾರಕನು ಪುಸ್ತಕ ನೋಡುತ್ತಾನೆ, ಯಾರ ಹೆಸರೂ ಇಲ್ಲ, ಮುಚ್ಚಿಡುತ್ತಾನೆ. ಆಮೇಲೆ ಪ್ರಯಾಣಿಕನು ಹೆಸರು ಬರೆದು ನಿಶ್ಚಿಂತೆಯಾಗಿ ಮಲಗುತ್ತಾನೆ. ಕರೆ ತಪ್ಪಿಹೋಯಿತು!

ಇಲ್ಲಿ ಒಂದು ಸೂಕ್ಷ್ಮವಿದೆ. ಗಾಡಿ ಮುಂದೆ ಸಾಗಿ 301ನ್ನು ಮುಟ್ಟಿದರೆ ಪರಿಚಾರಕನು ಮತ್ತೆ ಪುಸ್ತಕ ನೋಡುತ್ತಾನೆ. ಆಗ ಪ್ರಯಾಣಿಕನು ಕೊಂಚ ತಡವಾಗಿಯಾದರೂ ಏಳುತ್ತಾನೆ. ಆದರೆ 300ರಲ್ಲಿಯೇ ಗಾಡಿ ನಿಂತುಬಿಟ್ಟರೆ ಅವನು ಏಳುವುದೇ ಇಲ್ಲ. ಎಡೆಬಿಡದೆ ಬರವಣಿಗೆ ನಡೆಯುವ ಹಗಲಿನಲ್ಲಿ ಈ ದೋಷವು ಅಡಗಿದ್ದು, ಕೆಲಸ ಕಡಿಮೆಯಾದ ನಿಶ್ಶಬ್ದ ರಾತ್ರಿಯಲ್ಲಿ ತಲೆಯೆತ್ತುವುದು ಈ ಕಾರಣದಿಂದಲೇ. ಹೆಚ್ಚು ಭಾರ ಹೊರಿಸಿ ಪರೀಕ್ಷಿಸಿದರೆ ಎಲ್ಲ ದೋಷಗಳೂ ಹೊರಬರುತ್ತವೆಂಬ ನಂಬಿಕೆ ಎಷ್ಟು ದುರ್ಬಲವೆಂಬುದನ್ನು ಇದರಿಂದ ಊಹಿಸಬಹುದು.

ಪರಿಹಾರವು ಸರಳವಾಗಿದೆ: ಮೊದಲು ಹೆಸರು ಬರೆ, ಅನಂತರ ಕಿಟಕಿಯನ್ನು ನೋಡು, ಆಮೇಲೆ ಮಲಗು. ಇದು ಸರಿಯೆಂಬುದನ್ನು ರೇಖಾಗಣಿತದ ಪ್ರಮೇಯದಂತೆ ಸಾಧಿಸಬಹುದು. ಪರಿಚಾರಕನು 300ನ್ನು ಮುಟ್ಟಿದ ಮೇಲೆ ಪುಸ್ತಕವನ್ನು ನೋಡಿದುದು ಹೆಸರು ಬರೆದ ಅನಂತರವಾದರೆ ಹೆಸರು ಅವನ ಕಣ್ಣಿಗೆ ಬೀಳುತ್ತದೆ, ಅವನು ಎಬ್ಬಿಸುತ್ತಾನೆ. ಹೆಸರು ಬರೆಯುವುದಕ್ಕೆ ಮೊದಲಾದರೆ, ಗಾಡಿ 300ನ್ನು ಮುಟ್ಟಿದುದು ಅದಕ್ಕೂ ಮೊದಲು, ಹೀಗಿರಲಾಗಿ, ಬರೆದ ಮೇಲೆ ಕಿಟಕಿಯನ್ನು ನೋಡುವ ಪ್ರಯಾಣಿಕನಿಗೆ 300 ಕಂಡೇ ಕಾಣುತ್ತದೆ, ಅವನು ಮಲಗುವುದಿಲ್ಲ. ಮೂರನೆಯ ಸಂದರ್ಭವೇ ಇಲ್ಲ.

ಆದರೆ ನಿಜವಾದ ಯಂತ್ರದಲ್ಲಿ ಮೂರನೆಯ ಸಂದರ್ಭವುಂಟು; ಭೌತಶಾಸ್ತ್ರದ ವಿದ್ಯಾರ್ಥಿಗೆ ಇದು ಬಹು ಸ್ವಾರಸ್ಯದ ವಿಷಯ. ಯಂತ್ರದ ಒಂದು ಮಿಡಿತದ ಕಾಲದಲ್ಲಿ ನಿರ್ವಾತದಲ್ಲಿ ಸಾಗುವ ಬೆಳಕೂ ಕೇವಲ 10 ಸೆಂಟಿಮೀಟರು ಚಲಿಸುತ್ತದೆ. ಮುಖ್ಯ ಸ್ಮೃತಿಗೆ ಹೋಗಿಬರುವುದಕ್ಕೆ ನೂರಾರು ಮಿಡಿತಗಳು ಬೇಕು. ಅಷ್ಟು ಕಾಯಲೊಲ್ಲದ ಪ್ರೊಸೆಸರು, ಬರೆಯಬೇಕಾದುದನ್ನು ತನ್ನ ಬಳಿಯ ಒಂದು ಸಣ್ಣ ಸರದಿಯಲ್ಲಿ ಇಟ್ಟುಕೊಂಡು ಮುಂದಿನ ಕೆಲಸಕ್ಕೆ ತೊಡಗುತ್ತದೆ. ನಮ್ಮ ದೃಷ್ಟಾಂತದಲ್ಲಿ ಹೇಳುವುದಾದರೆ, ಪ್ರಯಾಣಿಕನು ಹೆಸರನ್ನು ಜೇಬಿನ ಚೀಟಿಯಲ್ಲಿ ಬರೆದುಕೊಂಡು, ಪುಸ್ತಕಕ್ಕೆ ಅದು ಏರುವ ಮೊದಲೇ ಕಿಟಕಿಯನ್ನು ನೋಡಿಬಿಡುತ್ತಾನೆ. ಪರಿಚಾರಕನೂ 300 ಎಂಬುದನ್ನು ತನ್ನ ಚೀಟಿಯಲ್ಲಿ ಬರೆದು, ಅದು ಹೊರಗಿನ ಫಲಕಕ್ಕೆ ಏರುವ ಮೊದಲೇ ಪುಸ್ತಕವನ್ನು ನೋಡಿಬಿಡುತ್ತಾನೆ. ಇಬ್ಬರೂ ಹಳೆಯದನ್ನೇ ಕಾಣುತ್ತಾರೆ. ಇಬ್ಬರೂ ನಿಯಮವನ್ನು ಪಾಲಿಸಿದ್ದಾರೆ. ಆದರೂ ಕರೆ ತಪ್ಪಿದೆ. ಎಬ್ಬಿಸುವವನು ಪಟ್ಟಿಯನ್ನೆಲ್ಲ ಓದುವ ಶ್ರಮವನ್ನು ಉಳಿಸಲು 'ಎಲ್ಲರಿಗಿಂತ ಮೊದಲು ಏಳಬೇಕಾದವನ ಕಲ್ಲು' ಎಂಬ ಒಂದೇ ಸಂಖ್ಯೆಯನ್ನು ಬೀಗವಿಲ್ಲದೆ ಓದುವ ಜಾಣ್ಮೆ ತೋರಿದಾಗ ಈ ಅಪಾಯವು ಒದಗುತ್ತದೆ.

ಇದಕ್ಕೆ ಮದ್ದು ಮೆಮೊರಿ ಬ್ಯಾರಿಯರ್ ಎಂಬ ಆಜ್ಞೆ. 'ಚೀಟಿಯಲ್ಲಿರುವುದೆಲ್ಲ ಪುಸ್ತಕಕ್ಕೆ ಏರುವವರೆಗೆ ಮುಂದಿನದನ್ನು ಓದಬೇಡ' ಎಂಬುದು ಅದರ ಅರ್ಥ. ಇದನ್ನು ಇಬ್ಬರೂ ಪಾಲಿಸಬೇಕು. ಒಬ್ಬನು ಮಾತ್ರ ಪಾಲಿಸಿದರೆ ಸಾಲದು. ಎರಡು ದೂರದ ಘಟನೆಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ ಎಲ್ಲ ವೀಕ್ಷಕರಿಗೂ ಒಪ್ಪುವ ಉತ್ತರ ಯಾವಾಗಲೂ ಇರುವುದಿಲ್ಲವೆಂದು 1905ರಲ್ಲಿ ಐನ್‌ಸ್ಟೈನರು ತೋರಿಸಿದರು. ಗಣಕಯಂತ್ರಗಳ ಜಾಲದಲ್ಲಿ 'ಮೊದಲು' ಎಂಬ ಮಾತಿನ ಅರ್ಥವನ್ನು ವಿವೇಚಿಸಿದ ಲೆಸ್ಲಿ ಲ್ಯಾಂಪೋರ್ಟರ 1978ರ ಪ್ರಬಂಧಕ್ಕೆ ಈ ಸಾಪೇಕ್ಷತಾ ವಿಚಾರವೇ ಪ್ರೇರಣೆಯಾಯಿತು. ಪದವಿ ತರಗತಿಯಲ್ಲಿ ನಾವು ಒಂದು ಕೊಠಡಿಯಲ್ಲಿ ಸಾಪೇಕ್ಷತೆಯನ್ನೂ ಪಕ್ಕದ ಕೊಠಡಿಯಲ್ಲಿ ಗಣಕಶಾಸ್ತ್ರವನ್ನೂ ಕಲಿಸುತ್ತೇವೆ. ಎರಡರ ನಡುವಣ ಬಾಗಿಲನ್ನು ಮಾತ್ರ ತೆರೆಯುವುದಿಲ್ಲ.

ಕರೆಯನ್ನು ನೆನಪಿಡುವುದು ಇನ್ನೊಂದು ಸಮಸ್ಯೆ. ಮಲಗುವುದಕ್ಕೆ ಒಂದು ಕ್ಷಣ ಮೊದಲು ಭುಜ ತಟ್ಟಿದರೆ ಆ ತಟ್ಟುವಿಕೆ ವ್ಯರ್ಥವಾಗಬಾರದು. 1960ರ ದಶಕದ ಆದಿಯಲ್ಲಿ ಹಾಲೆಂಡಿನ ಡೈಕ್‌ಸ್ಟ್ರಾ ಅವರು ರೂಪಿಸಿದ ಸೆಮಫೋರ್ ಎಂಬ ಸಾಧನವು ಬಂದ ಕರೆಗಳನ್ನು ಎಣಿಸಿಡುತ್ತದೆ. ರೈಲ್ವೆಯ ಕೈಮರದ ಹೆಸರನ್ನೇ ಅದಕ್ಕೆ ಇಟ್ಟರು. 1966ರಲ್ಲಿ ಅಮೆರಿಕೆಯ ಜೆರೋಮ್ ಸಾಲ್ಟ್‌ಸರ್ ಅವರು ತಮ್ಮ ಪ್ರಬಂಧದಲ್ಲಿ ಪ್ರತಿ ಪ್ರೊಸೆಸ್ಸಿಗೂ 'ಕರೆ ಬಂದಿದೆ' ಎಂಬ ಒಂದು ಗುರುತನ್ನು ಇಡುವ ಉಪಾಯವನ್ನು ವಿವರಿಸಿದರು. ಪೋಸ್ಟ್‌ಗ್ರೆಸ್ಸಿನಲ್ಲಿರುವ ಲ್ಯಾಚ್, ಎಂದರೆ ಚಿಲಕ, ಇದೇ ವಂಶದ್ದು. ಎಬ್ಬಿಸುವವನು ಗುರುತನ್ನು ಏರಿಸುತ್ತಾನೆ. ಗುರುತು ಏರಿದ್ದರೆ ಮಲಗಹೊರಟವನಿಗೆ ನಿದ್ರೆ ಹತ್ತುವುದಿಲ್ಲ. ಇಲ್ಲಿಯೂ ಕ್ರಮವೇ ಮುಖ್ಯ: ಮೊದಲು ಗುರುತನ್ನು ಇಳಿಸಬೇಕು, ಅನಂತರ ತನಗೆ ಬೇಕಾದುದು ಆಗಿದೆಯೇ ಎಂದು ನೋಡಬೇಕು, ಆಗಿಲ್ಲವಾದರೆ ಮಲಗಬೇಕು. ನೋಡಿದ ಮೇಲೆ ಗುರುತನ್ನು ಇಳಿಸಿದರೆ, ಆ ನಡುವೆ ಬಂದ ಕರೆಯನ್ನು ತಾನೇ ಅಳಿಸಿದಂತಾಗುತ್ತದೆ. ಎದ್ದ ಮೇಲೆಯೂ 'ಎಬ್ಬಿಸಿದರು, ಆದುದರಿಂದ ಕೆಲಸ ಆಗಿದೆ' ಎಂದು ನಂಬಬಾರದು. ಬೇರೆ ಕಾರಣಕ್ಕೆ ಎಬ್ಬಿಸಿರಬಹುದು. ಪ್ರತಿಸಲವೂ ಕಿಟಕಿಯನ್ನು ನೋಡತಕ್ಕುದು.

ಇನ್ನು ಕಾಯುವವನು ನಡುವೆಯೇ ಹೊರಟುಹೋಗುವ ಪ್ರಸಂಗ. ಗ್ರಾಹಕನು ಬೇಸತ್ತು ಕೆಲಸವನ್ನು ರದ್ದುಮಾಡಬಹುದು. ಕೊಟ್ಟ ಅವಧಿ ಮುಗಿಯಬಹುದು. ಮೇಲ್ವಿಚಾರಕನು ಪ್ರೊಸೆಸ್ಸನ್ನು ನಿಲ್ಲಿಸಬಹುದು. ಪ್ರಯಾಣಿಕನು ಪುಸ್ತಕದಲ್ಲಿ ಹೆಸರು ಹೊಡೆಯದೆಯೇ ಇಳಿದುಹೋದನೆಂದು ಭಾವಿಸಿ. ಅದೇ ಬರ್ತಿಗೆ ಬೇರೊಬ್ಬನು ಬರುತ್ತಾನೆ. ಪರಿಚಾರಕನು ಅವನನ್ನು ಎಬ್ಬಿಸುತ್ತಾನೆ. ಅವನು ಕಿಟಕಿ ನೋಡುವ ಅಭ್ಯಾಸವುಳ್ಳವನಾದರೆ ಮತ್ತೆ ಮಲಗುತ್ತಾನೆ, ಹಾನಿಯಿಲ್ಲ. ಆದರೆ ಯಂತ್ರದೊಳಗಿನ ಪಟ್ಟಿಯು ಕಾಗದದ ಪುಸ್ತಕವಲ್ಲ. ಅದು ಒಬ್ಬನ ಕೈಯನ್ನು ಇನ್ನೊಬ್ಬನು ಹಿಡಿದು ನಿಂತ ಸಾಲು. ಪೋಸ್ಟ್‌ಗ್ರೆಸ್ಸಿನಲ್ಲಿ ಪ್ರತಿಯೊಂದು ಸಂಪರ್ಕಕ್ಕೂ ಒಂದು ಪ್ರತ್ಯೇಕ ಪ್ರೊಸೆಸ್ಸುಂಟು. ಎಲ್ಲಕ್ಕೂ ಸಾಮಾನ್ಯವಾದ ಸ್ಮೃತಿಯಲ್ಲಿ ಅದಕ್ಕೊಂದು ಸ್ಥಾನವುಂಟು. ಪ್ರೊಸೆಸ್ಸು ಮುಗಿದ ಮೇಲೆ ಆ ಸ್ಥಾನವು ಬೇರೊಂದಕ್ಕೆ ಸಲ್ಲುತ್ತದೆ. ಹಳೆಯವನು ಕೈ ಬಿಡಿಸಿಕೊಳ್ಳದೆ ಹೋಗಿ, ಹೊಸಬನು ಅದೇ ಸ್ಥಾನದಿಂದ ಮತ್ತೆ ಸಾಲಿಗೆ ಸೇರಿದರೆ ಸಾಲು ತುಂಡಾಗುತ್ತದೆ, ಇಲ್ಲವೆ ತನ್ನನ್ನೇ ಸುತ್ತಿಕೊಳ್ಳುತ್ತದೆ. ಆಗ ಯಾವ ತಪ್ಪನ್ನೂ ಮಾಡದ ಇತರರ ಕರೆಗಳೂ ತಪ್ಪುತ್ತವೆ. ಆದುದರಿಂದ ಹೊರಡುವ ದಾರಿ ಯಾವುದೇ ಆಗಲಿ, ಆ ದಾರಿಯಲ್ಲಿ ಹೆಸರು ಅಳಿಸುವ ಕೆಲಸ ಇದ್ದೇ ತೀರಬೇಕು. ಪ್ರೊಸೆಸ್ಸು ಕ್ರಮವಾಗಿ ಮುಗಿಯದೆ ಹಠಾತ್ತಾಗಿ ಸತ್ತರೆ, ಪೋಸ್ಟ್‌ಗ್ರೆಸ್ಸಿನ ಮೇಲ್ವಿಚಾರಕ ಪ್ರೊಸೆಸ್ಸು ಉಳಿದವರನ್ನೆಲ್ಲ ನಿಲ್ಲಿಸಿ ಸಾಮಾನ್ಯ ಸ್ಮೃತಿಯನ್ನು ಹೊಸದಾಗಿ ಕಟ್ಟುತ್ತದೆ. ಇದು ಕಠೋರವಾಗಿ ಕಾಣಬಹುದು. ಆದರೆ ಕೆಟ್ಟಿರಬಹುದಾದ ಸಾಲನ್ನು ನಂಬಿ ನಡೆಯುವುದಕ್ಕಿಂತ ಇದು ಮೇಲು.

ಅಳಿಸುವುದರಲ್ಲಿಯೂ ಒಂದು ಕ್ರಮವಿದೆ. ಎಬ್ಬಿಸುವವನು ಮೊದಲು ಸಾಲಿನಿಂದ ಹೆಸರನ್ನು ತೆಗೆಯಬೇಕು, ಅನಂತರ 'ಮುಗಿಯಿತು' ಎಂದು ಬರೆಯಬೇಕು, ಕೊನೆಗೆ ಎಬ್ಬಿಸಬೇಕು. 'ಮುಗಿಯಿತು' ಎಂಬುದನ್ನು ಮೊದಲೇ ಬರೆದರೆ, ಅದನ್ನು ಕಂಡವನು ಇನ್ನೂ ಸಾಲಿನಲ್ಲಿರುವಾಗಲೇ ಎದ್ದು ಹೊರಟುಬಿಟ್ಟಾನು.

ರದ್ದಾದ ಕಾಯುವಿಕೆಯಲ್ಲಿ ಸತ್ಯದ ಪ್ರಶ್ನೆಯೂ ಒಂದುಂಟು. ಮುಖ್ಯ ಯಂತ್ರದಲ್ಲಿ ವ್ಯವಹಾರವು ಆಗಲೇ ಸ್ಥಿರವಾಗಿದೆ. ನಕಲಿನ ಉತ್ತರ ಮಾತ್ರ ಬಂದಿಲ್ಲ. ಅಷ್ಟರಲ್ಲಿ ಗ್ರಾಹಕನು 'ಸಾಕು' ಎಂದನು. ಈಗ 'ಆಯಿತು' ಎಂದರೆ ಕೊಟ್ಟ ಭರವಸೆಗೆ ಭಂಗ. 'ಆಗಲಿಲ್ಲ' ಎಂದರೆ ಅದೂ ಸುಳ್ಳು. ಪೋಸ್ಟ್‌ಗ್ರೆಸ್ ಇಲ್ಲಿ ಒಂದು ಎಚ್ಚರಿಕೆಯನ್ನು ಕೊಡುತ್ತದೆ: ವ್ಯವಹಾರವು ಇಲ್ಲಿ ಸ್ಥಿರವಾಗಿದೆ, ಆದರೆ ನಕಲಿಗೆ ತಲುಪದೆ ಇರಬಹುದು. ಇಷ್ಟನ್ನು ಪ್ರಾಮಾಣಿಕವಾಗಿ ಹೇಳುವುದು ಸಣ್ಣ ಗುಣವಲ್ಲ.

ಈ ವಿಚಾರಕ್ಕೆ ಆಕ್ಷೇಪವನ್ನೆತ್ತುವವರಿದ್ದಾರೆ. 'ಇಷ್ಟೆಲ್ಲ ಸೂಕ್ಷ್ಮ ಏಕೆ? ಮಲಗಿದವನು ಸೆಕೆಂಡಿಗೊಮ್ಮೆ ತಾನೇ ಎದ್ದು ಕಿಟಕಿ ನೋಡಲಿ. ಕರೆ ತಪ್ಪಿದರೂ ನಷ್ಟವಿಲ್ಲ' ಎಂಬುದು ಅವರ ವಾದ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ದೂರದ ಯಂತ್ರವೇ ಕೆಟ್ಟು, ತಂತಿಯೇ ಕಡಿದು, ಕರೆಯೇ ಹೊರಡದಿದ್ದಾಗ ಅವಧಿಯ ಮಿತಿ ಅವಶ್ಯಕ. ಆದರೆ ಹೊರಡದ ಕರೆ ಬೇರೆ, ಹೊರಟು ಕಳೆದುಹೋದ ಕರೆ ಬೇರೆ. ಎರಡನೆಯದಕ್ಕೆ ಮಿತಿಯನ್ನು ಮದ್ದಾಗಿ ಬಳಸುವುದೆಂದರೆ ಜ್ವರದ ಕಾರಣವನ್ನು ಹುಡುಕದೆ ಒದ್ದೆ ಬಟ್ಟೆ ಹಾಕಿದಂತೆ. 10 ಮಿಲಿಸೆಕೆಂಡಿನಲ್ಲಿ ಆಗಬೇಕಾದುದು ಒಂದು ಸೆಕೆಂಡಿಗೆ ಆದರೆ ಅದು ನೂರು ಪಟ್ಟು ವಿಳಂಬ. ಮೇಲಾಗಿ ದೋಷವು ಕಣ್ಣಿಗೆ ಬೀಳದೆ ಉಳಿಯುತ್ತದೆ.

'ಇಂತಹ ಘಟನೆ ಕೋಟಿಗೊಂದು' ಎನ್ನುವವರೂ ಇದ್ದಾರೆ. ಅವರು ಲೆಕ್ಕವನ್ನು ಮಾಡಿ ನೋಡಬೇಕು. ಕೋಟಿಗೊಂದು ಎಂದೇ ಇಟ್ಟುಕೊಳ್ಳೋಣ. ಸೆಕೆಂಡಿಗೆ ಸಾವಿರ ವ್ಯವಹಾರಗಳು ನಡೆಯುವ ಕಡೆ ಕೋಟಿ ತುಂಬಲು 10,000 ಸೆಕೆಂಡು, ಎಂದರೆ ಎರಡು ಮುಕ್ಕಾಲು ಗಂಟೆ ಸಾಕು. ವಿದ್ಯಾರ್ಥಿಯು ಪ್ರಯೋಗಶಾಲೆಯಲ್ಲಿ ತನ್ನ ಪ್ರೋಗ್ರಾಮನ್ನು ಹತ್ತು ಸಾವಿರ ಸಲ ಓಡಿಸಿ ನೋಡಿದರೂ ಈ ದೋಷವನ್ನು ಕಾಣುವ ಸಂಭಾವ್ಯತೆ ಸಾವಿರಕ್ಕೆ ಒಂದು. 'ಓಡಿಸಿ ನೋಡಿದೆ, ಸರಿಯಾಗಿದೆ' ಎಂಬ ಮಾತು ಇಲ್ಲಿ ಯಾವ ಪ್ರಮಾಣವೂ ಆಗದು.

ಮೌನವಾಗಿ ಕೆಡುವ ಪ್ರೋಗ್ರಾಮುಗಳು ಎಷ್ಟು ಅಪಾಯಕರವೆಂಬುದಕ್ಕೆ 2003ರ ಆಗಸ್ಟ್ 14ರಂದು ಅಮೆರಿಕೆಯ ಈಶಾನ್ಯ ರಾಜ್ಯಗಳಲ್ಲಿಯೂ ಕೆನಡಾದ ಒಂಟಾರಿಯೋದಲ್ಲಿಯೂ ಸುಮಾರು 5 ಕೋಟಿ ಜನರನ್ನು ಕತ್ತಲೆಗೆ ನೂಕಿದ ವಿದ್ಯುದ್ವೈಫಲ್ಯವು ಸಾಕ್ಷಿ. ಅಂದು ಒಹಾಯೋದ ಒಂದು ನಿಯಂತ್ರಣ ಕೇಂದ್ರದಲ್ಲಿ ಎಚ್ಚರಿಕೆ ಕೊಡುವ ಪ್ರೋಗ್ರಾಮು, ಎರಡು ಪ್ರೊಸೆಸ್ಸುಗಳು ಒಂದೇ ಮಾಹಿತಿಯ ಮೇಲೆ ಏಕಕಾಲದಲ್ಲಿ ಕೈಯಿಟ್ಟುದರಿಂದ ನಿಂತುಹೋಯಿತು. ತಪ್ಪಿದ ಕರೆಗೆ ಇದು ದಾಯಾದಿ ದೋಷ. ವಿದ್ಯುತ್ ಮಾರ್ಗಗಳು ಒಂದೊಂದಾಗಿ ಕಡಿದುಬೀಳುತ್ತಿದ್ದರೂ ಒಂದು ಗಂಟೆಗೂ ಹೆಚ್ಚು ಕಾಲ ಅಲ್ಲಿ ಗಂಟೆ ಬಾರಿಸಲಿಲ್ಲ. ಗಂಟೆ ಬಾರಿಸದುದನ್ನೇ ಕ್ಷೇಮವೆಂದು ಸಿಬ್ಬಂದಿ ಭಾವಿಸಿದರು. ಅಂದಿನ ಅನಾಹುತಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೆ ಈ ಮೌನವು ಅವುಗಳನ್ನು ತಿದ್ದುವ ಅವಕಾಶವನ್ನು ಕಸಿದುಕೊಂಡಿತು.

ಹಾಗಾದರೆ ನಾವು ಕೇಳುವುದೇನು? ಹೊಸ ಪಠ್ಯಪುಸ್ತಕವನ್ನೇನೂ ಅಲ್ಲ. ಪ್ರೋಗ್ರಾಮು ರಚನೆಯನ್ನು ಕಲಿಸುವ ಪ್ರತಿ ಕಾಲೇಜಿನಲ್ಲಿಯೂ ಎರಡು ಅಭ್ಯಾಸಗಳು ಸೇರಲಿ. ಮೊದಲನೆಯದು, ಇಬ್ಬರು ಕೆಲಸಗಾರರ ಹೆಜ್ಜೆಗಳನ್ನು ಕಾಗದದ ಮೇಲೆ ಬರೆದು, ಅವು ಹೆಣೆದುಕೊಳ್ಳಬಹುದಾದ ಎಲ್ಲ ಕ್ರಮಗಳನ್ನೂ ಪರಿಶೀಲಿಸುವುದು. ತಲಾ ಎರಡು ಹೆಜ್ಜೆಗಳಾದರೆ ಕ್ರಮಗಳು ಕೇವಲ 6. ಪ್ರೌಢಶಾಲೆಯ ವಿದ್ಯಾರ್ಥಿಯೂ ಒಂದು ಸಂಜೆಯಲ್ಲಿ ಇದನ್ನು ಮಾಡಬಲ್ಲನು. ಮೇಲಿನ ರೈಲಿನ ದೃಷ್ಟಾಂತವನ್ನೇ ತೆಗೆದುಕೊಂಡು, ಪ್ರಯಾಣಿಕನು ಮೊದಲು ನೋಡಿ ಆಮೇಲೆ ಬರೆದರೆ ಆರರಲ್ಲಿ ಎಷ್ಟು ಕ್ರಮಗಳಲ್ಲಿ ಕರೆ ತಪ್ಪುತ್ತದೆಂಬುದನ್ನು ವಾಚಕರು ತಾವೇ ಎಣಿಸಿ ನೋಡಲಿ. ಎರಡನೆಯದು, ವಿದ್ಯಾರ್ಥಿಯ ಪ್ರೋಗ್ರಾಮನ್ನು ಪರೀಕ್ಷಿಸುವ ಅಧ್ಯಾಪಕರು ಅದು ಓಡುವುದನ್ನು ನೋಡಿ ಅಂಕ ಕೊಡುವುದಲ್ಲದೆ, ಅದು ಕಾಯುತ್ತಿರುವಾಗ ನಡುವೆ ನಿಲ್ಲಿಸಿ, ಹೊರಡುವ ಮುನ್ನ ತನ್ನ ಹೆಸರನ್ನು ಅಳಿಸಿತೇ ಎಂದು ವಿಚಾರಿಸುವುದು. ಈ ಎರಡಕ್ಕೂ ಹಣ ಬೇಡ, ಹೊಸ ಯಂತ್ರ ಬೇಡ. ವಾರಕ್ಕೆ ಒಂದು ಗಂಟೆಯ ಕಾಲವನ್ನು ಮೀಸಲಿಟ್ಟರೆ ಸಾಕು. ಮುಂದೆ ಇದೇ ವಿದ್ಯಾರ್ಥಿಗಳು ಬ್ಯಾಂಕುಗಳ, ಆಸ್ಪತ್ರೆಗಳ, ವಿದ್ಯುತ್ ಕೇಂದ್ರಗಳ ಪ್ರೋಗ್ರಾಮುಗಳನ್ನು ಬರೆಯುವವರು. ಆ ಒಂದು ಗಂಟೆಯನ್ನು ಈ ವರ್ಷದ ವೇಳಾಪಟ್ಟಿಯಲ್ಲಿಯೇ ಹುಡುಕಿಕೊಡಬೇಕೆಂದು ನಾವು ಅಧ್ಯಾಪಕ ಬಂಧುಗಳನ್ನು ಕೇಳಿಕೊಳ್ಳುತ್ತೇವೆ.